ಆಗಸ್ಟ್ ಬಂದರೆ ತಂಡ ಕುಸಿಯುತ್ತದೆ: ಬೇಸ್‌ಬಾಲ್ ಸಿಮ್‌ಗಳಲ್ಲಿ ಆಟಗಾರರ ದಣಿವು ನಿಜಕ್ಕೂ ಏನು ಮಾಡುತ್ತದೆ?

ನಾಲ್ಕನೇ_ಸ್ಟಾರ್ಟರ್

ಎಲ್ಲರಿಗೂ ನಮಸ್ಕಾರ. ನಾನು ಆಡುವುದು ಔಟ್ ಆಫ್ ದಿ ಪಾರ್ಕ್ ಅನ್ನುವ ಬೇಸ್‌ಬಾಲ್ ಸಿಮ್ (ತಂಡ ನಡೆಸುವ ಕಂಪ್ಯೂಟರ್ ಆಟ), ಮುಂದೆ ಓಓಟಿಪಿ ಅಂತಲೇ ಬರೆಯುತ್ತೇನೆ. ಜುಲೈವರೆಗೂ ನನ್ನ ತಂಡ ಚೆನ್ನಾಗಿಯೇ ಓಡುತ್ತದೆ. ಆಗಸ್ಟ್ ಅರ್ಧ ಕಳೆಯುವಷ್ಟರಲ್ಲಿ ಬ್ಯಾಟಿಂಗ್ ನೆಲ ಕಚ್ಚುತ್ತದೆ, ಬುಲ್‌ಪೆನ್ (ಪಂದ್ಯದ ಮಧ್ಯೆ ಚೆಂಡು ಎಸೆಯೋಕೆ ಬರುವ ಬದಲಿ ಪಿಚರ್‌ಗಳು) ಕೈಕೊಡುತ್ತದೆ, ಸೆಪ್ಟೆಂಬರ್‌ನಲ್ಲಿ ವೈಲ್ಡ್ ಕಾರ್ಡ್ (ಪ್ಲೇಆಫ್‌ಗೆ ಹೋಗುವ ಕೊನೆಯ ದಾರಿ) ಕೂಡ ಕೈತಪ್ಪುತ್ತದೆ. ಎಲ್ಲಕ್ಕಿಂತ ಜಾಸ್ತಿ ಬಿದ್ದಿರುವುದು ಮುಖ್ಯ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು. ವಯಸ್ಸು 31, ಬ್ಯಾಟಿಂಗ್ ಕ್ರಮದಲ್ಲಿ 4ನೆಯವನು, ಅವನನ್ನು ಕೂರಿಸೋಕೆ ಮನಸ್ಸೇ ಬರುವುದಿಲ್ಲ. ಬ್ಯಾಕಪ್ ಒಬ್ಬ ಇದ್ದಾನೆ, ಆದರೆ ಅವನ ಬ್ಯಾಟ್ ಹೆಸರಿಗೆ ಮಾತ್ರ.

ಟ್ರಿಪಲ್-ಎ ಯಲ್ಲಿ (ದೊಡ್ಡ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಮೈನರ್ ಲೀಗ್) 21 ವರ್ಷದ ಕ್ಯಾಚರ್ ಹುಡುಗ ಇದ್ದಾನೆ, ಪೊಟೆನ್ಷಿಯಲ್ ಭರ್ಜರಿ. ಅವನನ್ನೇ ಮೇಲೆ ತಂದು ಬ್ಯಾಕಪ್ ಮಾಡಿದರೆ ಹಿರಿಯನಿಗೆ ವಿಶ್ರಾಂತಿ ಸಿಗುತ್ತದೆ, ಹುಡುಗನೂ ದೊಡ್ಡ ಲೀಗ್‌ನಲ್ಲಿ ಕಲಿಯುತ್ತಾನೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಅಲ್ವಾ?

ಡಗೌಟ್_ಮೂಲೆ

ಅಲ್ಲ. ಎರಡೂ ಹಕ್ಕಿ ಹಾರಿಹೋಗುತ್ತವೆ.

ಇಂದಿನ ದಣಿವು ಬೇರೆ, ಹುಡುಗನ ಬೆಳವಣಿಗೆ ಬೇರೆ. ಆದರೆ ಎರಡಕ್ಕೂ ನೀವು ಖರ್ಚು ಮಾಡುವುದು ಒಂದನ್ನೇ: ಆಡುವ ಅವಕಾಶ. ಹಿರಿಯ ಕ್ಯಾಚರ್‌ಗೆ ವಾರಕ್ಕೆ ಒಂದು ಅಥವಾ ಎರಡು ದಿನ ರಜೆ ಕೊಡಬಹುದು. ಹುಡುಗನಿಗೆ ಸಿಗುವುದು ಅಷ್ಟೇ ಪಂದ್ಯ. ಉಳಿದ ದಿನವೆಲ್ಲ ಅವನು ಬೆಂಚ್ ಕಾಯುತ್ತಾನೆ. ಓಓಟಿಪಿಯಲ್ಲಿ ಬೆಳವಣಿಗೆ ನಿಂತಿರುವುದು ಆಡುವ ಸಮಯ, ಆಡುವ ಮಟ್ಟ, ಕೋಚ್‌ಗಳು, ಗಾಯ, ಆಮೇಲೆ ಒಂದಿಷ್ಟು ಅದೃಷ್ಟದ ಮೇಲೆ. 21ರ ವಯಸ್ಸಿನಲ್ಲಿ ವಾರಕ್ಕೆ ನಾಲ್ಕೈದು ಸಲ ಮಾತ್ರ ಬ್ಯಾಟ್ ಹಿಡಿಯುವುದು ಆ ಹುಡುಗನಿಗೆ ಮಾಡುವ ಅನ್ಯಾಯ.

ಅವನು ಟ್ರಿಪಲ್-ಎ ಯಲ್ಲೇ ದಿನಾ ಆಡಲಿ. ನಿಮಗೆ ಬೇಕಿರುವುದು 33 ವರ್ಷದ, ಕೈಚಳಕ ಚೆನ್ನಾಗಿರುವ, ಬ್ಯಾಟ್ ಬಾರದಿದ್ದರೂ ಪರವಾಗಿಲ್ಲ ಅನ್ನುವಂಥ ಬ್ಯಾಕಪ್. ಬೆಳೆಯುವ ಕಾಲ ಮುಗಿದವನನ್ನು ಬೆಂಚ್‌ನಲ್ಲಿ ಕೂರಿಸಿದರೆ ಏನೂ ನಷ್ಟವಿಲ್ಲ. ಅಂಥವರು ಪ್ರತಿ ಚಳಿಗಾಲದಲ್ಲೂ ಕನಿಷ್ಠ ಸಂಬಳಕ್ಕೆ ಸಿಗುತ್ತಾರೆ.

ಸ್ಯಾಂಪಲ್_ಚಿಕ್ಕದು

ಸ್ವಲ್ಪ ತಡೆಯಿರಿ. ಕುಸಿತಕ್ಕೆ ಕಾರಣ ದಣಿವೇ ಅಂತ ಹೇಗೆ ಗೊತ್ತಾಯಿತು? ಒಬ್ಬ ಬ್ಯಾಟರ್‌ನ ಮೂರು ವಾರದ ಅಂಕಿ ಅಂದರೆ ಹೆಚ್ಚೆಂದರೆ 80 ಸಲ ಪ್ಲೇಟ್‌ಗೆ (ಬ್ಯಾಟ್ ಮಾಡುವ ಜಾಗಕ್ಕೆ) ಬಂದಿರುತ್ತಾನೆ. ಅಷ್ಟರಲ್ಲಿ .280 (ನೂರಕ್ಕೆ 28 ಹಿಟ್) ಹೊಡೆಯುವವನು .200 ಹೊಡೆದರೆ ಆಶ್ಚರ್ಯ ಪಡಬೇಕಾಗಿಲ್ಲ, ಸುಮ್ನೆ ಐದಾರು ಚೆಂಡು ನೇರ ಫೀಲ್ಡರ್ ಕೈಗೆ ಹೋದರೂ ಹಾಗೇ ಕಾಣುತ್ತದೆ. ಸೋತ ತಿಂಗಳಿಗೆಲ್ಲ ದಣಿವು ಅಂತ ಹಣೆಪಟ್ಟಿ ಹಚ್ಚುವುದು ಸುಲಭ.

ಮೊದಲು ಆಟದ ಒಳಗೇ ನೋಡಿ. ಆ ಕ್ಯಾಚರ್ ಪುಟದಲ್ಲಿ ದಣಿವು ಎಷ್ಟು ತೋರಿಸುತ್ತಿದೆ? ಲೀಗ್ ಸೆಟ್ಟಿಂಗ್‌ನಲ್ಲಿ ಫೀಲ್ಡರ್‌ಗಳ ದಣಿವು ಎಷ್ಟಕ್ಕೆ ಇಟ್ಟಿದ್ದೀರಿ? ಅದನ್ನು ತೀರಾ ಕಡಿಮೆ ಇಟ್ಟಿದ್ದರೆ ನಾವಿಲ್ಲಿ ಗಾಳಿಗೆ ಗುದ್ದುತ್ತಿದ್ದೇವೆ.

ನಾಲ್ಕನೇ_ಸ್ಟಾರ್ಟರ್

ನೋಡಿದೆ. ಸೆಟ್ಟಿಂಗ್ ಮಧ್ಯಮದಲ್ಲಿದೆ. ಕ್ಯಾಚರ್ ಹೆಸರಿನ ಪಕ್ಕ ‘ದಣಿದಿದ್ದಾನೆ’ ಅನ್ನುವ ಗುರುತು ಬಂದು ಕೂತಿದೆ. ಜೂನ್‌ನಿಂದ ಅವನಿಗೆ ಒಂದೂ ರಜೆ ಇಲ್ಲ, ಬ್ಯಾಕಪ್ ಯಾವಾಗ ಆಡಬೇಕು ಅನ್ನುವ ಆಯ್ಕೆ ಖಾಲಿ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕಥೆಯೂ ಅದೇ. ಫಸ್ಟ್ ಬೇಸ್‌ನವನು, ಲೆಫ್ಟ್ ಫೀಲ್ಡರ್ ಮಾತ್ರ ಅಷ್ಟೇನೂ ಸುಸ್ತಾಗಿಲ್ಲ.

ಡಗೌಟ್_ಮೂಲೆ

ಇರಬೇಕಾದದ್ದೇ ಹಾಗೆ. ಎಲ್ಲ ಜಾಗಕ್ಕೂ ದಣಿವಿನ ಲೆಕ್ಕ ಒಂದೇ ಅಲ್ಲ. ಕ್ಯಾಚರ್ ಪ್ರತಿ ಪಿಚ್‌ಗೂ ಕುಕ್ಕರಗಾಲಲ್ಲಿ ಕೂರುತ್ತಾನೆ, ಹಾಗಾಗಿ ಅವನಿಗೆ ಎಲ್ಲರಿಗಿಂತ ಬೇಗ ಸುಸ್ತು ಬರುತ್ತದೆ. ಶಾರ್ಟ್‌ಸ್ಟಾಪ್‌ನಂಥ ನಡುವಿನ ಜಾಗಗಳು ಆಮೇಲೆ, ಫಸ್ಟ್ ಬೇಸ್‌ನಂಥ ಮೂಲೆಯ ಜಾಗಗಳು ಕೊನೆಗೆ. ಡಿಎಚ್‌ಗಂತೂ (ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟ್ ಮಾಡುವವನು) ಬಹಳ ಕಡಿಮೆ. ಅದಕ್ಕೇ 2022ರಲ್ಲಿ ಅಮೆರಿಕನ್, ನ್ಯಾಷನಲ್ ಎರಡೂ ಲೀಗ್‌ಗೆ ಡಿಎಚ್ ಬಂದ ಮೇಲೆ ನಿಜವಾದ ತಂಡಗಳು ಅದನ್ನು ಅರ್ಧ ರಜೆಯ ಹಾಗೆ ಬಳಸುತ್ತವೆ: ಬ್ಯಾಟ್ ಬೇಕು, ಕಾಲಿಗೆ ವಿಶ್ರಾಂತಿ ಬೇಕು, ಅವತ್ತು ಅವನು ಡಿಎಚ್. ನಿಮ್ಮ 4ನೇ ಬ್ಯಾಟರ್‌ಗೂ ಅದನ್ನೇ ಮಾಡಿ. ಡಿಎಚ್ ಜಾಗದಲ್ಲಿ ಒಬ್ಬ ದಪ್ಪ ಹೊಡೆತಗಾರನನ್ನು 162 ಪಂದ್ಯಕ್ಕೂ ಗೂಟ ಹೊಡೆದು ನಿಲ್ಲಿಸಿದರೆ ಈ ದಾರಿ ಮುಚ್ಚಿಹೋಗುತ್ತದೆ.

ಡೆಪ್ತ್ ಚಾರ್ಟ್‌ಗೆ (ಯಾವ ಜಾಗಕ್ಕೆ ಯಾರು ಅನ್ನುವ ಪಟ್ಟಿ) ಹೋಗಿ ಬ್ಯಾಕಪ್ ಕ್ಯಾಚರ್‌ಗೆ ‘ಪ್ರತಿ 5ನೇ ಪಂದ್ಯ’ ಅಂತ ಹಾಕಿ. ‘ಸ್ಟಾರ್ಟರ್ ದಣಿದಾಗ’, ಅಂದರೆ ಮುಖ್ಯ ಆಟಗಾರ ದಣಿದಾಗ ಮಾತ್ರ, ಅನ್ನುವ ಆಯ್ಕೆ ನೋಡೋಕೆ ಚೆಂದ, ಆದರೆ ನನಗೆ ಅದು ಸೇರುವುದಿಲ್ಲ. ದಣಿದ ಮೇಲೆ ಒಂದು ದಿನ ಕೂರಿಸಿದರೆ ಸಂಪೂರ್ಣ ಚೇತರಿಸಿಕೊಳ್ಳದೆ ವಾಪಸ್ ಬರುತ್ತಾನೆ, ಎರಡು ದಿನದಲ್ಲಿ ಮತ್ತೆ ಅದೇ ಗತಿ. ದಣಿಯುವ ಮೊದಲೇ ಕೂರಿಸಬೇಕು. ಇನ್ನೊಂದು ವಿಷಯ, ದಣಿದವನು ಕೆಟ್ಟದಾಗಿ ಆಡುವುದಷ್ಟೇ ಅಲ್ಲ, ಅವನಿಗೆ ಗಾಯದ ಅಪಾಯವೂ ಜಾಸ್ತಿ. ಬ್ಯಾಟಿಂಗ್‌ನಲ್ಲಿ ಹೋಗುವ ಹತ್ತು ಪಾಯಿಂಟ್‌ಗಿಂತ ಎರಡು ತಿಂಗಳ ಗಾಯ ದುಬಾರಿ.

ಡೈಸ್_ಮತ್ತು_ಕಾರ್ಡ್

ನಾನು ಹಳೇ ಕಾಲದವನು, 1961ರಲ್ಲಿ ಶುರುವಾದ ಸ್ಟ್ರಾಟ್-ಓ-ಮ್ಯಾಟಿಕ್ ಈಗಲೂ ಮೇಜಿನ ಮೇಲೆ ಆಡುತ್ತೇನೆ. ದಣಿವನ್ನು ಅಷ್ಟು ಚುರುಕಾಗಿ ತೋರಿಸುವ ಇನ್ನೊಂದು ಆಟ ನಾನು ಕಂಡಿಲ್ಲ.

ಪಿಚರ್ ಕಾರ್ಡ್ ಮೇಲೆ ಎಸ್ ಅಕ್ಷರದ ಪಕ್ಕ ಒಂದು ಸಂಖ್ಯೆ ಇರುತ್ತದೆ, 6 ಅಂತಿಟ್ಟುಕೊಳ್ಳಿ. 6ನೇ ಇನ್ನಿಂಗ್ಸ್‌ಗೆ ಬಂದ ಮೇಲೆ ಅವನು ಅಪಾಯದ ಗಡಿಯಲ್ಲಿದ್ದಾನೆ ಅಂತ ಅರ್ಥ. ಆಮೇಲೆ ಹಿಟ್, ವಾಕ್ (ಬ್ಯಾಟರ್‌ಗೆ ಪುಕ್ಕಟೆ ಫಸ್ಟ್ ಬೇಸ್) ಕೊಡುತ್ತಾ ಹೋದರೆ ‘ದಣಿದ’ ಪಿಚರ್ ಆಗುತ್ತಾನೆ. ಆಗ ಕಾರ್ಡ್‌ನಲ್ಲಿ ಕೆಲವು ಔಟ್‌ಗಳ ಪಕ್ಕ ಇರುವ ಪುಟ್ಟ ಚುಕ್ಕೆಗಳು ಜೀವ ಪಡೆಯುತ್ತವೆ. ಅಲ್ಲಿವರೆಗೆ ಔಟ್ ಆಗಿದ್ದದ್ದು ಈಗ ಸಿಂಗಲ್, ಅಂದರೆ ಒಂದು ಬೇಸ್‌ನ ಹಿಟ್. ಅದೇ ಪಿಚರ್, ಅದೇ ಕಾರ್ಡ್, ಅದೇ ಡೈಸ್. 7ನೇ ಇನ್ನಿಂಗ್ಸ್, ಇಬ್ಬರು ಬೇಸ್ ಮೇಲೆ, ಡೈಸ್ ಉರುಳಿ ನಿಂತದ್ದು ಚುಕ್ಕೆ ಇರುವ ಗ್ರೌಂಡ್‌ಬಾಲ್ ಮೇಲೆ. ಎದುರಿಗೆ ಕೂತವನು ಏನೂ ಮಾತಾಡದೆ ತನ್ನ ರನ್ನರ್‌ನನ್ನು ಮುಂದಕ್ಕೆ ತಳ್ಳುತ್ತಾನೆ. ಆ ಹೊಟ್ಟೆ ಉರಿ ಯಾವ ಶೇಕಡಾ ಪಟ್ಟಿಯಲ್ಲೂ ಸಿಗುವುದಿಲ್ಲ.

ಆದರೆ ಬೆಳವಣಿಗೆ ಅನ್ನುವುದು ಇಲ್ಲಿಲ್ಲ, ಅದು ಒಪ್ಪುವ ಮಾತು. ಕಾರ್ಡ್ ಅಂದರೆ ಮುಗಿದುಹೋದ ಒಂದು ವರ್ಷದ ದಾಖಲೆ.

ಸ್ಯಾಂಪಲ್_ಚಿಕ್ಕದು

ಚುಕ್ಕೆ ಚೆನ್ನಾಗಿದೆ. ಆದರೆ ನಿಜವಾದ ಆಟದಲ್ಲಿ ‘ದಣಿವು’ ಅಂತ ಕಾಣುವುದರಲ್ಲಿ ಅರ್ಧ ದಣಿವೇ ಅಲ್ಲ. ಸ್ಟಾರ್ಟರ್ (ಪಂದ್ಯ ಶುರು ಮಾಡುವ ಪಿಚರ್) ಒಬ್ಬ ಅದೇ ಬ್ಯಾಟಿಂಗ್ ಕ್ರಮವನ್ನು ಮೂರನೇ ಸಲ ಎದುರಿಸುವಾಗ ಹೆಚ್ಚು ಹೊಡೆಸಿಕೊಳ್ಳುತ್ತಾನೆ ಅನ್ನುವುದು ಅಂಕಿಅಂಶದವರಿಗೆಲ್ಲ ಗೊತ್ತಿರುವ ವಿಷಯ. ಅದು ತೋಳಿನ ಸುಸ್ತೋ, ಬ್ಯಾಟರ್‌ಗೆ ಆ ಪಿಚ್‌ಗಳ ಪರಿಚಯವಾಗುವುದೋ ಅನ್ನುವ ಜಗಳ ಮುಗಿದಿಲ್ಲ. ಪರಿಚಯದ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ.

2020ರ ವರ್ಲ್ಡ್ ಸೀರೀಸ್ 6ನೇ ಪಂದ್ಯ ನೆನಪಿಸಿಕೊಳ್ಳಿ. ಟ್ಯಾಂಪಾ ಬೇಯ ಬ್ಲೇಕ್ ಸ್ನೆಲ್ 9 ಸ್ಟ್ರೈಕ್‌ಔಟ್ ತೆಗೆದಿದ್ದ, ಎಸೆದದ್ದು 73 ಪಿಚ್ ಮಾತ್ರ. 6ನೇ ಇನ್ನಿಂಗ್ಸ್‌ನಲ್ಲಿ ಒಂದು ಸಿಂಗಲ್ ಕೊಟ್ಟ, ಡಾಡ್ಜರ್ಸ್‌ನ ಮೇಲಿನ ಬ್ಯಾಟರ್‌ಗಳು ಮೂರನೇ ಸಲ ಬರುವವರಿದ್ದರು. ಮ್ಯಾನೇಜರ್ ಕೆವಿನ್ ಕ್ಯಾಶ್ ಹೋಗಿ ಚೆಂಡು ಇಸಿದುಕೊಂಡ, ಅಂದರೆ ಸ್ನೆಲ್‌ನನ್ನು ಆಟದಿಂದ ತೆಗೆದ. 73 ಪಿಚ್‌ಗೆ ಯಾವ ಸಿಮ್‌ನ ದಣಿವಿನ ಪಟ್ಟಿಯೂ ಕೆಂಪಾಗುವುದಿಲ್ಲ.

ಏಳನೇ_ಇನ್ನಿಂಗ್ಸ್

ಅಯ್ಯೋ, ಆ ಕಥೆಯ ಇನ್ನರ್ಧ ಬಿಟ್ಟಿರಲ್ಲ! ಒಳಗೆ ಬಂದವನು ನಿಕ್ ಆಂಡರ್ಸನ್. ಆ ಪೋಸ್ಟ್‌ಸೀಸನ್‌ನಲ್ಲಿ ಅವನನ್ನು ಮೇಲಿಂದ ಮೇಲೆ ಎಸೆಸಿದ್ದರು, ಸಾಲಾಗಿ ಹಲವು ಪಂದ್ಯಗಳಲ್ಲಿ ರನ್ ಕೊಟ್ಟಿದ್ದ. ಮೂಕಿ ಬೆಟ್ಸ್ ಡಬಲ್ ಹೊಡೆದ, ಆಮೇಲೆ ಲೀಡ್ ಹೋಯಿತು, ಸೀರೀಸೂ ಹೋಯಿತು. ಎಲ್ಲರೂ ಸ್ನೆಲ್‌ನನ್ನು ತೆಗೆದದ್ದು ಸರಿಯೋ ತಪ್ಪೋ ಅಂತ ಕಿತ್ತಾಡುತ್ತಾರೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ: ತಾಜಾ ಇರುವ ಸ್ಟಾರ್ಟರ್ ಜಾಗಕ್ಕೆ ಸವೆದುಹೋದ ರಿಲೀವರ್‌ನನ್ನು (ಬದಲಿ ಪಿಚರ್) ತಂದರೆ ಲಾಭ ಎಲ್ಲಿ?

ಸಿಮ್ ಆಡುವವರು ಎಡವುವುದೂ ಇಲ್ಲೇ. ರಿಲೀವರ್ ಹೆಸರಿನ ಮುಂದೆ ಹಸಿರು ಇದ್ದರೆ ಅವನು ಸಿದ್ಧ ಅಂದುಕೊಳ್ಳುತ್ತಾರೆ. ನಿನ್ನೆ 12 ಪಿಚ್, ಮೊನ್ನೆ 15, ಅದರ ಹಿಂದಿನ ದಿನ 20 ಎಸೆದಿರುತ್ತಾನೆ. ಅದಲ್ಲದೆ ಬುಲ್‌ಪೆನ್‌ನಲ್ಲಿ ಎಬ್ಬಿಸಿ ವಾರ್ಮಪ್ ಮಾಡಿಸಿ ಬಳಸದೆ ಕೂರಿಸಿದ ದಿನಗಳೂ ಇರುತ್ತವೆ, ನಿಜವಾದ ತೋಳಿಗೆ ಅದೂ ಕೆಲಸವೇ. ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ಸತತ ಮೂರನೇ ದಿನ ಯಾರನ್ನೂ ಮುಟ್ಟುವುದಿಲ್ಲ, ಪಂದ್ಯ ಮುಗಿಸಿಕೊಡುವ ಕ್ಲೋಸರ್ ಆದರೂ ಸರಿ. ಒಂದೆರಡು ಪಂದ್ಯ ಸೋಲುತ್ತೇನೆ. ಹೋಗಲಿ. ಸೆಪ್ಟೆಂಬರ್‌ನಲ್ಲಿ ಬುಲ್‌ಪೆನ್ ಉಳಿದಿರುತ್ತದೆ.

ಮೂಲ ಪ್ರಶ್ನೆ ಕೇಳಿದವರಿಗೆ: ನಿಮ್ಮ ಬುಲ್‌ಪೆನ್ ಕೈಕೊಡುವುದಕ್ಕೆ ರಿಲೀವರ್‌ಗಳು ಕಾರಣ ಅಲ್ಲದೇ ಇರಬಹುದು. ಸ್ಟಾರ್ಟರ್‌ಗಳು 5ನೇ ಇನ್ನಿಂಗ್ಸ್ ದಾಟುತ್ತಿದ್ದಾರಾ ನೋಡಿ. ಸ್ಟ್ಯಾಮಿನಾ ಕಡಿಮೆ ಇರುವ ಇಬ್ಬರನ್ನು ರೊಟೇಶನ್‌ನಲ್ಲಿ (ಐವರು ಸ್ಟಾರ್ಟರ್‌ಗಳ ಸರದಿ) ಹಾಕಿಕೊಂಡರೆ ಐದು ದಿನದಲ್ಲಿ ಎರಡು ದಿನ ನಾಲ್ಕು ಇನ್ನಿಂಗ್ಸ್ ಬುಲ್‌ಪೆನ್ ತಲೆಗೇ ಬರುತ್ತದೆ. ರೋಸ್ಟರ್‌ನಲ್ಲಿ 26 ಜನ, ಅದರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಲೆಕ್ಕ ಹೊಂದುವುದೇ ಇಲ್ಲ.

ಹಳೇ_ದಾಖಲೆ

ನನ್ನ ತಲೆನೋವು ಬೇರೆ. ನಾನು ಹಳೆಯ ಸೀಸನ್‌ಗಳನ್ನು ಮರುಆಟ ಆಡಿಸುವವನು. ಇಂದಿನ ದಣಿವಿನ ಮಾದರಿಯನ್ನು 1974ಕ್ಕೆ ಹಚ್ಚಿದರೆ ಮೈಕ್ ಮಾರ್ಷಲ್ ಏನಾಗುತ್ತಾನೆ? ಆ ವರ್ಷ ಅವನು 106 ಪಂದ್ಯಗಳಲ್ಲಿ ರಿಲೀಫ್‌ಗೆ ಬಂದು 200ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದು ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. 1972ರಲ್ಲಿ ವಿಲ್ಬರ್ ವುಡ್ 376 ಇನ್ನಿಂಗ್ಸ್ ಎಸೆದ, ಅವನು ನಿಧಾನದ ನಕಲ್‌ಬಾಲ್ ಎಸೆಯುವವನು, ತೋಳಿಗೆ ಅಷ್ಟು ಹೊರೆ ಇಲ್ಲ. ಇನ್ನೂ ಹಿಂದೆ 1884ರ ರ್ಯಾಡ್‌ಬೋರ್ನ್ 678 ಇನ್ನಿಂಗ್ಸ್! ಇವರನ್ನೆಲ್ಲ ಇಂದಿನ ಸೆಟ್ಟಿಂಗ್‌ನಲ್ಲಿ ಓಡಿಸಿದರೆ ಮೇ ತಿಂಗಳಿಗೇ ಮಲಗುತ್ತಾರೆ.

ಇಲ್ಲಿ ವಾಟ್‌ಇಫ್‌ಸ್ಪೋರ್ಟ್ಸ್ (ಹಳೇ ಆಟಗಾರರನ್ನು ಆಡಿಸುವ ಆನ್‌ಲೈನ್ ಸಿಮ್) ಮಾದರಿ ನನಗೆ ಹಿಡಿಸುತ್ತದೆ. ಆ ಆಟಗಾರ ತನ್ನ ನಿಜವಾದ ಸೀಸನ್‌ನಲ್ಲಿ ಎಷ್ಟು ಆಡಿದ್ದನೋ ಅದೇ ಅವನ ಮಿತಿ. 90 ಇನ್ನಿಂಗ್ಸ್ ಎಸೆದವನ ಹತ್ತಿರ 200 ಎಸೆಸೋಕೆ ಹೋದರೆ ಶೇಕಡಾ 100ರಿಂದ ಇಳಿಯುತ್ತಾ ಬಂದು ಹೊಡೆಸಿಕೊಳ್ಳುತ್ತಾನೆ. ಇದು ದಣಿವಿಗಿಂತ ಜಾಸ್ತಿ ಪಡಿತರದ ಚೀಟಿ, ಆದರೆ ನ್ಯಾಯ ಇದೆ. 60 ಸಲ ಬ್ಯಾಟ್ ಹಿಡಿದು .400 ಹೊಡೆದ ಯಾರೋ ಒಬ್ಬನನ್ನು ಇಡೀ ವರ್ಷ ಆಡಿಸುವ ಕಳ್ಳಾಟ ನಡೆಯುವುದಿಲ್ಲ.

ಡೈಸ್_ಮತ್ತು_ಕಾರ್ಡ್

ಕ್ಯಾಲ್ ರಿಪ್‌ಕನ್? 1982ರಿಂದ 1998ರವರೆಗೆ ಸತತ 2,632 ಪಂದ್ಯ. ಅದರಲ್ಲಿ ಬಹುಪಾಲು ಶಾರ್ಟ್‌ಸ್ಟಾಪ್ ಜಾಗದಲ್ಲಿ. ನಿಮ್ಮ ಸಿಮ್‌ನಲ್ಲಿ ಆಡಿಸಿ ನೋಡೋಣ.

ಸ್ಯಾಂಪಲ್_ಚಿಕ್ಕದು

ಒಬ್ಬ ರಿಪ್‌ಕನ್ ಇದ್ದ ಅಂತ ಎಲ್ಲರನ್ನೂ ಹಾಗೆ ಅಳೆಯೋಕೆ ಆಗುವುದಿಲ್ಲ. ಒಳ್ಳೆಯ ಸಿಮ್ ಅಂದರೆ ಆಟಗಾರನಿಂದ ಆಟಗಾರನಿಗೆ ಬಾಳಿಕೆ ಬೇರೆ ಇರಬೇಕು, ಅಷ್ಟೇ.

ಸೀಸನ್ ಉದ್ದಕ್ಕೂ ಸವೆತ ಆಗುವುದು ನಿಜವೇ. ತಿಂಗಳು ಕಳೆದ ಹಾಗೆ ಬ್ಯಾಟರ್‌ಗಳು ಸ್ಟ್ರೈಕ್ ಝೋನ್ ಹೊರಗಿನ, ಅಂದರೆ ಬಿಡಬೇಕಾದ, ಪಿಚ್‌ಗಳಿಗೆ ಹೆಚ್ಚು ಬ್ಯಾಟ್ ಬೀಸುತ್ತಾರೆ ಅಂತ ವ್ಯಾಂಡರ್‌ಬಿಲ್ಟ್‌ನ ನಿದ್ರೆ ಸಂಶೋಧಕರು 2013ರಲ್ಲಿ ತೋರಿಸಿದರು. ಅಭ್ಯಾಸ ಆದಂತೆ ಕಣ್ಣು ಚುರುಕಾಗಬೇಕಿತ್ತು, ಆದದ್ದು ಉಲ್ಟಾ. 2017ರಲ್ಲಿ ನಾರ್ತ್‌ವೆಸ್ಟರ್ನ್‌ನವರು 40 ಸಾವಿರಕ್ಕೂ ಹೆಚ್ಚು ಪಂದ್ಯ ಜಾಲಾಡಿ ಜೆಟ್ ಲ್ಯಾಗ್ ಪರಿಣಾಮ ಹುಡುಕಿದರು. ಪೂರ್ವದ ಕಡೆ ಪ್ರಯಾಣ ಮಾಡಿದಾಗ ಪೆಟ್ಟು ಜಾಸ್ತಿ. ಪ್ರಯಾಣದ ದಣಿವನ್ನು ಸಿಮ್‌ಗಳು ಗಂಭೀರವಾಗಿ ತೆಗೆದುಕೊಂಡರೆ ವೇಳಾಪಟ್ಟಿಯೇ ಒಂದು ಆಟವಾಗುತ್ತದೆ. ಹೆಚ್ಚಿನವರಿಗೆ ಬೋರ್ ಹೊಡೆಸಬಹುದು, ನನಗೆ ಹಬ್ಬ.

ಫಾರ್ಮ್_ಹುಡುಗರು

ತಡವಾಗಿ ಬಂದೆ. ಹುಡುಗನ ವಿಷಯ ಯಾರೂ ಪೂರ್ತಿ ಮಾಡಲಿಲ್ಲ, ನನ್ನ ಆಸಕ್ತಿ ಅದೇ.

ಪಿಚರ್ ಹುಡುಗರಲ್ಲಿ ದಣಿವು ಮತ್ತು ಬೆಳವಣಿಗೆ ಒಂದಕ್ಕೊಂದು ತಗುಲಿಕೊಂಡಿವೆ. 2012ರಲ್ಲಿ ವಾಷಿಂಗ್ಟನ್ ತಂಡ ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು 159 ಇನ್ನಿಂಗ್ಸ್ ಆದ ಮೇಲೆ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿಬಿಟ್ಟಿತು. 2010ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿತ್ತು, ಅದೇ ಕಾರಣ. ತಂಡ ಪ್ಲೇಆಫ್‌ಗೆ ಹೋಯಿತು, ಅವನಿಲ್ಲದೆ ಮೊದಲ ಸುತ್ತಿನಲ್ಲೇ ಸೋತಿತು. ಜನ ಬೈದರು. 2019ರಲ್ಲಿ ಅದೇ ಸ್ಟ್ರಾಸ್‌ಬರ್ಗ್ ವರ್ಲ್ಡ್ ಸೀರೀಸ್ ಎಂವಿಪಿ (ಅತ್ಯುತ್ತಮ ಆಟಗಾರ). ನಿಲ್ಲಿಸಿದ್ದರಿಂದಲೇ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ, ಆಮೇಲೂ ಅವನಿಗೆ ಗಾಯಗಳು ತಪ್ಪಲಿಲ್ಲ.

‘ವರ್ಡುಚಿ ಪರಿಣಾಮ’ ಅಂತ ಒಂದಿದೆ. 25ರೊಳಗಿನ ಪಿಚರ್ ಹಿಂದಿನ ವರ್ಷಕ್ಕಿಂತ 30 ಇನ್ನಿಂಗ್ಸ್ ಜಾಸ್ತಿ ಎಸೆದರೆ ಮುಂದಿನ ವರ್ಷ ಗಾಯವೋ ಕುಸಿತವೋ ಗ್ಯಾರಂಟಿ ಅನ್ನುವ ಮಾತು. ಆಮೇಲೆ ಲೆಕ್ಕ ಹಾಕಿದವರಿಗೆ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಆದರೂ ಸಿಮ್ ಆಡುವವರು ಅದನ್ನು ವೇದವಾಕ್ಯದ ಹಾಗೆ ಪಾಲಿಸುತ್ತಾರೆ, 22 ವರ್ಷದವನನ್ನು ಆಗಸ್ಟ್‌ನಲ್ಲೇ ಮನೆಗೆ ಕಳಿಸುತ್ತಾರೆ. ನೀವು ಆಡುವ ಸಿಮ್ ಇನ್ನಿಂಗ್ಸ್ ಏರಿಕೆಗೆ ಶಿಕ್ಷೆ ಕೊಡದಿದ್ದರೆ ಅದು ಬರೀ ನಷ್ಟ. ಇನ್ನಿಂಗ್ಸೂ ಹೋಯಿತು, ಬೆಳವಣಿಗೆಯೂ ಹೋಯಿತು.

ಬ್ಯಾಟರ್ ಹುಡುಗರ ಲೆಕ್ಕ ಸರಳ. ದಿನಾ ಆಡಬೇಕು, ತನ್ನ ಮಟ್ಟದಲ್ಲಿ ಆಡಬೇಕು. ಆದರೆ ಮೈನರ್ ಲೀಗ್‌ನಲ್ಲೂ ದಣಿವು ಇದೆ ಅನ್ನುವುದು ಮರೆತುಹೋಗುತ್ತದೆ. ಟ್ರಿಪಲ್-ಎ ಕಡೆ ನಾವು ತಿರುಗಿಯೂ ನೋಡುವುದಿಲ್ಲ. ಅಲ್ಲಿ ಕ್ಯಾಚರ್ ಹುಡುಗನೊಬ್ಬನೇ ಇದ್ದು ಬ್ಯಾಕಪ್ ಇಲ್ಲದಿದ್ದರೆ ಅವನೂ ಸುಸ್ತಾಗಿ, ಅಂಕಿ ಕೆಟ್ಟು, ಕೊನೆಗೆ ಗಾಯ ಮಾಡಿಕೊಳ್ಳುತ್ತಾನೆ. ನಿಜವಾಗಿ ಬೆಳವಣಿಗೆ ಕೊಲ್ಲುವುದು ಉದ್ದದ ಗಾಯ, ದಣಿವು ಅದಕ್ಕೆ ಬಾಗಿಲು ತೆಗೆಯುತ್ತದೆ ಅಷ್ಟೆ. ಅಲ್ಲಿಗೂ ಒಬ್ಬ ಕೆಲಸಕ್ಕೆ ಬರುವ ಎರಡನೇ ಕ್ಯಾಚರ್ ಬೇಕು. ಯಾರೂ ಕೇಳದ ಹೆಸರಾದರೂ ಪರವಾಗಿಲ್ಲ.

ಏಳನೇ_ಇನ್ನಿಂಗ್ಸ್

ಇದು ಸರಿಯಾದ ಮಾತು. ಹಿಂದೆ ನಾನು ಆಡುತ್ತಿದ್ದ ಒಂದು ಆನ್‌ಲೈನ್ ಲೀಗ್‌ನಲ್ಲಿ ಒಬ್ಬ ತಂಡದ ಮಾಲೀಕ ಮೈನರ್ ಲೀಗ್ ಪೂರ್ತಿ ಕಂಪ್ಯೂಟರ್‌ಗೆ ಬಿಟ್ಟಿದ್ದ. ಅವನ ಹತ್ತಿರ ನಾನು ಒಬ್ಬ ಪಿಚರ್ ಹುಡುಗನನ್ನು ಟ್ರೇಡ್‌ನಲ್ಲಿ ತಂದೆ. ಬಂದ ವಾರಕ್ಕೇ ತೋಳು ಹೋಯಿತು. ಹಿಂದಿನ ಬಾಕ್ಸ್ ಸ್ಕೋರ್ ತೆಗೆದು ನೋಡಿದರೆ ಅವನನ್ನು ರೊಟೇಶನ್‌ನಲ್ಲೂ ಇಟ್ಟು, ಮಧ್ಯೆ ರಿಲೀಫ್‌ಗೂ ಎಬ್ಬಿಸಿದ್ದಾರೆ. ಕಮಿಷನರ್ ಹತ್ತಿರ ದೂರು ಕೊಟ್ಟರೆ ‘ಟ್ರೇಡ್ ಮುಗಿದಿದೆ’ ಅಂದ. ಅಂದಿನಿಂದ ಪಿಚರ್ ಕೊಳ್ಳುವ ಮುಂಚೆ ಅವನ ರೇಟಿಂಗ್ ಅಲ್ಲ, ಕಳೆದ ತಿಂಗಳ ಗೇಮ್ ಲಾಗ್ ನೋಡುತ್ತೇನೆ.

ನಾಲ್ಕನೇ_ಸ್ಟಾರ್ಟರ್

ಸರಿ, ಹುಡುಗ ಕೆಳಗೇ ಇರಲಿ. ಆದರೆ ಪೋಸ್ಟ್‌ಸೀಸನ್‌ಗೆ ಹೋದರೆ? ಅಲ್ಲೂ ಕ್ಯಾಚರ್‌ನನ್ನು ಕೂರಿಸಬೇಕಾ? ಸ್ಯಾನ್ ಫ್ರಾನ್ಸಿಸ್ಕೊ ಪಿಚರ್ ಬಮ್‌ಗಾರ್ನರ್ ಎರಡೇ ದಿನದ ವಿಶ್ರಾಂತಿಯಲ್ಲಿ ಬಂದು ವರ್ಲ್ಡ್ ಸೀರೀಸ್ ಗೆಲ್ಲಿಸಿದ್ದ ಅಲ್ವಾ?

ಡಗೌಟ್_ಮೂಲೆ

2014. 5ನೇ ಪಂದ್ಯದಲ್ಲಿ 117 ಪಿಚ್ ಎಸೆದು ಪೂರ್ತಿ ಮುಗಿಸಿದ್ದ, 7ನೇ ಪಂದ್ಯದಲ್ಲಿ ರಿಲೀಫ್‌ಗೆ ಬಂದು 5 ಇನ್ನಿಂಗ್ಸ್, 68 ಪಿಚ್, ಒಂದೂ ರನ್ ಇಲ್ಲ. ಕೊನೆಯ ಔಟ್ ಯಾರು ಗೊತ್ತಾ? ಕ್ಯಾನ್ಸಸ್ ಸಿಟಿ ಕ್ಯಾಚರ್ ಸಾಲ್ವಡಾರ್ ಪೆರೆಜ್. ಆ ವರ್ಷ 150 ಪಂದ್ಯ ಆಡಿದ್ದ, ಬಹುತೇಕ ಎಲ್ಲ ಪ್ಲೇಟ್ ಹಿಂದೆ ಕೂತು, ಮೇಲೆ ಪೋಸ್ಟ್‌ಸೀಸನ್ 15 ಪಂದ್ಯ. ಸೀಸನ್‌ನ ಎರಡನೇ ಅರ್ಧದಲ್ಲಿ ಅವನ ಬ್ಯಾಟಿಂಗ್ ಚೆನ್ನಾಗಿಯೇ ಬಿದ್ದಿತ್ತು. ಟೈ ಮಾಡಬಲ್ಲ ರನ್ನರ್ ಥರ್ಡ್ ಬೇಸ್‌ನಲ್ಲಿದ್ದ. ಬಮ್‌ಗಾರ್ನರ್ ಎತ್ತರದ ಫಾಸ್ಟ್‌ಬಾಲ್‌ಗಳನ್ನೇ ಎಸೆದ, ಪೆರೆಜ್ ಬೆನ್ನಟ್ಟಿದ, ಕೊನೆಗೆ ಪಾಪ್‌ಅಪ್ (ಎತ್ತರದ ಸುಲಭ ಕ್ಯಾಚ್), ಥರ್ಡ್ ಬೇಸ್‌ನ ಸ್ಯಾಂಡೊವಾಲ್ ಕೈಗೆ. ಎರಡೂ ಕಡೆ ದಣಿದವರೇ ಇದ್ದರು. ಅದಕ್ಕೇ ಅದನ್ನು ನಿಯಮ ಮಾಡಿಕೊಳ್ಳಬೇಡಿ.

ಅಕ್ಟೋಬರ್‌ನಲ್ಲಿ ಕೂರಿಸುವುದು ಬೇಡ, ರಜೆಯ ದಿನಗಳು ಜಾಸ್ತಿ ಇರುತ್ತವೆ. ರಜೆ ಕೊಡಬೇಕಾದದ್ದು ಮೇ, ಜೂನ್‌ನಲ್ಲಿ, ಗೆಲ್ಲುತ್ತಿರುವಾಗ. 162 ಪಂದ್ಯ ಸುಮಾರು 187 ದಿನದಲ್ಲಿ ಮುಗಿಯಬೇಕು, ಅಂದರೆ ಖಾಲಿ ದಿನ ಬಹಳ ಕಡಿಮೆ. ಕ್ಯಾಲೆಂಡರ್ ತೆಗೆದು ರಾತ್ರಿ ಪಂದ್ಯದ ಮರುದಿನವೇ ಹಗಲು ಪಂದ್ಯ ಇರುವ ಕಡೆಯೆಲ್ಲ ಗುರುತು ಹಾಕಿ. ಆ ದಿನ ಬ್ಯಾಕಪ್ ಕ್ಯಾಚರ್ ಆಡಲಿ, ನಿಜವಾದ ತಂಡಗಳ ಹಳೇ ಅಭ್ಯಾಸ ಅದು. ಖಾಲಿ ದಿನದ ಪಕ್ಕದಲ್ಲೇ ಒಂದು ರಜೆ ಜೋಡಿಸಿದರೆ ಸತತ ಎರಡು ದಿನ ಸಿಗುತ್ತದೆ, ಪಂದ್ಯ ಒಂದೇ ಖರ್ಚು.

ಸ್ಯಾಂಪಲ್_ಚಿಕ್ಕದು

ಇದನ್ನು ಮಾಡುವುದಾದರೆ ಸೇವ್ ಫೈಲ್ ನಕಲು ಮಾಡಿಕೊಂಡು ಮಾಡಿ. ಒಂದರಲ್ಲಿ ರಜೆ, ಇನ್ನೊಂದರಲ್ಲಿ ರಜೆ ಇಲ್ಲ, ಒಂದೇ ಸೀಸನ್ ಹಲವು ಸಲ ಓಡಿಸಿ. ಒಂದು ಸಲ ಓಡಿಸಿ ‘ನೋಡಿ ಗೆದ್ದೆವು’ ಅಂತ ಬಂದರೆ ನಾನಂತೂ ನಂಬುವುದಿಲ್ಲ.

ನಾಲ್ಕನೇ_ಸ್ಟಾರ್ಟರ್

ಹಾಗೇ ಮಾಡುತ್ತೇನೆ. ಶಾರ್ಟ್‌ಸ್ಟಾಪ್‌ಗೆ ಪ್ರತಿ 10ನೇ ಪಂದ್ಯ, ಕ್ಯಾಚರ್‌ಗೆ ಪ್ರತಿ 5ನೆಯದು, ಅದರ ಮೇಲೆ ವಾರಕ್ಕೊಂದು ಸಲ ಡಿಎಚ್. ಇನ್ನೊಂದೇ ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಹುಡುಗನನ್ನು ಕರೆಸಬಹುದಾ?

ಫಾರ್ಮ್_ಹುಡುಗರು

ಕರೆಸಿ. ಸೆಪ್ಟೆಂಬರ್ 1ರಿಂದ ರೋಸ್ಟರ್ 28 ಆಗುತ್ತದೆ, ಇನ್ನಿಬ್ಬರಿಗೆ ಜಾಗ ಇದೆ. ಟ್ರಿಪಲ್-ಎ ಸೀಸನ್ ಇನ್ನೂ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಅಲ್ಲೇ ಆಡಲಿ, ಆಮೇಲೆ ಬಂದರೆ ಅವನಿಗೆ ಯಾವ ಪಂದ್ಯವೂ ತಪ್ಪುವುದಿಲ್ಲ. ಆದರೆ ಅವನ ದಣಿವು ಎಷ್ಟಿದೆ ನೋಡಿಕೊಂಡೇ ಕರೆಸಿ. ಅಷ್ಟೊತ್ತಿಗೆ ನಿಮ್ಮ ಹಿರಿಯನಿಗಿಂತ ಅವನೇ ಜಾಸ್ತಿ ಸುಸ್ತಾಗಿರಬಹುದು.